ನೋಡಿಕೊಳ್ಳಿ ಮೇಷ್ಟ್ರೇ



ಬಹಳ ದಿನಗಳಿಂದ ಇಲ್ಲಿ ಹಳೇಬೀಡಿನ ಕೆರೆ ಏರಿ, ಅರಸೀಕೆರೆಯ ಸಂತೆ, ನಮ್ಮಜ್ಜಿಯ ಹುರುಳಿಕಾಳಿನ ಬಸ್ಸಾರು ಎಂದು ಸುಖದ ಸಂಗತಿಗಳನ್ನೇ ಬರೆಯುತ್ತ ಬಂದಿದ್ದೇನೆ. ಈ ಬಾರಿ ಜಗಳ ಕಾಯುವ ಮನಸ್ಸಾಗಿದೆ. ವಯಸ್ಸಾದವನ ಸಿಟ್ಟೆಂದು ನಕ್ಕುಬಿಡುವ ಮೊದಲು ಪೂರ್ತಿ ಓದಬೇಕೆಂದು ಕೋರುತ್ತೇನೆ. ಏಕೆಂದರೆ ಈ ಜಗಳ ಅರ್ಧ ಸರ್ಕಾರದೊಡನೆ, ಉಳಿದರ್ಧ ನಮ್ಮ ನಮ್ಮೊಳಗೇ.

2022ರ ಜನವರಿಯ ಕೊನೆಯ ವಾರ. ಜಾವಗಲ್ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದ. ಕೈಯಲ್ಲಿ ಪೇಡದ ಡಬ್ಬಿ. ಮಗ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಯ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಬಂದಿದ್ದ. ಎರಡೆಕರೆ ತೆಂಗಿನ ತೋಟದ ಮನೆ. ಹುಡುಗ ಹಾಸನದ ಗ್ರಂಥಾಲಯದಲ್ಲಿ ನಾಲ್ಕು ವರ್ಷ ಕುಳಿತು ಓದಿದವನು. ಪ್ರಬಂಧ, ಸಾರಾಂಶ ಬರವಣಿಗೆಗೆ ನನ್ನ ಬಳಿಯೂ ಕೆಲವು ಭಾನುವಾರ ಬಂದಿದ್ದ. ಕಾಲಿಗೆ ನಮಸ್ಕರಿಸಿದಾಗ ನನ್ನ ಕಣ್ಣು ತೇವವಾದದ್ದು ಸುಳ್ಳಲ್ಲ.

ಮೂರು ತಿಂಗಳು ತುಂಬುವ ಹೊತ್ತಿಗೆ, 2022ರ ಏಪ್ರಿಲ್ 29ರಂದು, ಸರ್ಕಾರ ಆ ಪರೀಕ್ಷೆಯನ್ನೇ ರದ್ದುಪಡಿಸಿತು.

ಆ ಪ್ರಕರಣ ನಿಮಗೆಲ್ಲ ನೆನಪಿರಬಹುದು. ಹೊರನಾಡಿನಲ್ಲಿರುವವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಮೊದಲ ಪತ್ರಿಕೆ 50 ಅಂಕಗಳ ಬರವಣಿಗೆಯದು. ಎರಡನೆಯದು 150 ಅಂಕಗಳ, ವೃತ್ತ ತುಂಬುವ ಓಎಂಆರ್ ಹಾಳೆಯದು. ಕಲಬುರಗಿಯ ಒಂದು ಕೇಂದ್ರದಲ್ಲಿ ಬರೆದ ಅಭ್ಯರ್ಥಿಯೊಬ್ಬ ಎರಡನೆಯ ಪತ್ರಿಕೆಯ ನೂರು ಪ್ರಶ್ನೆಗಳಲ್ಲಿ ಕೇವಲ 21ಕ್ಕೆ ಉತ್ತರ ಗುರುತಿಸಿದ್ದರೂ ಅವನಿಗೆ 121 ಅಂಕ ಬಂದಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಸಿಐಡಿ ತನಿಖೆ ನಡೆಯಿತು. ಕೆಲವರು ಕಿವಿಯಲ್ಲಿ ಬ್ಲೂಟೂತ್ ಯಂತ್ರ ಇಟ್ಟುಕೊಂಡು ಬರೆದಿದ್ದರು, ಇನ್ನು ಕೆಲವರ ಖಾಲಿ ಹಾಳೆಗಳನ್ನು ಪರೀಕ್ಷೆ ಮುಗಿದ ಮೇಲೆ ಬೇರೆಯವರು ತುಂಬಿದ್ದರು ಎಂಬುದು ಆರೋಪ. ಅಭ್ಯರ್ಥಿಗಳು, ಕೊಠಡಿ ಮೇಲ್ವಿಚಾರಕರು, ಶಾಲೆಯ ಆಡಳಿತದವರು, ಪೊಲೀಸರು ಸಾಲುಸಾಲಾಗಿ ಬಂಧನಕ್ಕೊಳಗಾದರು. ಆ ವರ್ಷದ ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರೇ ಬಂಧಿತರಾದರು. ಯಾರು ತಪ್ಪಿತಸ್ಥರೆಂದು ಹೇಳಬೇಕಾದದ್ದು ನ್ಯಾಯಾಲಯ, ನಾನಲ್ಲ. ಆದರೆ ಪರೀಕ್ಷೆ ಹಾಳಾಗಿತ್ತು ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ರದ್ದತಿಯನ್ನು 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು.

ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಎರಡು ವರ್ಷ ಮೂರು ತಿಂಗಳು. ಈ ಅವಧಿಯಲ್ಲಿ ನಮ್ಮ ಜಾವಗಲ್ ಹುಡುಗ ಏನಾದನೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ಬರೆಯಲು ಅವನೇನೂ ಸುದ್ದಿಯಾಗಿರಲಿಲ್ಲ. ಅವನನ್ನು ಯಾರೂ ಬಂಧಿಸಲಿಲ್ಲ. ವಿಚಾರಣೆಗೆ ಕರೆದು, ಕೇಳಿ, ಕಳುಹಿಸಿದರು. ಊರಿನವರು ಮಾತ್ರ ಬಿಡಲಿಲ್ಲ. "ಎಷ್ಟು ಕೊಟ್ಟಿದ್ರಂತೆ?" ಎಂಬ ಪ್ರಶ್ನೆ ಹಾಲಿನ ಡೇರಿಯ ಮುಂದೆ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಅವರ ಬೆನ್ನಿಗೇ ನಿಂತಿತ್ತು. ಅರಸೀಕೆರೆಯ ಕೊಬ್ಬರಿ ಮಂಡಿಯ ಬಳಿ ಸಿಕ್ಕ ಅವನ ತಂದೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಮೇಷ್ಟ್ರೇ, ತೋಟ ಮಾರಿದ್ರೆ 'ಮಾರಿ ಕೊಟ್ರು' ಅಂತಿದ್ರು. ಮಾರಿಲ್ಲ ನೋಡಿ, ಅದಕ್ಕೆ 'ಎಲ್ಲಿಂದ ತಂದ್ರಪ್ಪಾ ಅಷ್ಟು ದುಡ್ಡು' ಅಂತಾರೆ."

ಮರುಪರೀಕ್ಷೆಯಲ್ಲಿ ಅವನ ಹೆಸರು ಬರಲಿಲ್ಲ. ಧರಣಿ, ವಕೀಲರ ಕಚೇರಿ, ತಂಗಿಯ ಮದುವೆ ಇವುಗಳ ನಡುವೆ ಓದು ಕೈಬಿಟ್ಟಿತ್ತು. ಊರಿಗೆ ಅದೇ ಪುರಾವೆಯಾಯಿತು. "ನೋಡಿದ್ರಾ, ನ್ಯಾಯವಾಗಿ ಬರೆಸಿದ್ರೆ ಆಗಲಿಲ್ಲ" ಎಂದರು. ಕಳ್ಳರು ಮಾಡಿದ ಕೆಲಸಕ್ಕೆ ಒಬ್ಬ ಪ್ರಾಮಾಣಿಕ ಹುಡುಗ ಎರಡು ಸಲ ಶಿಕ್ಷೆ ಅನುಭವಿಸಿದ. ಮೊದಲ ಸಲ ಸರ್ಕಾರದಿಂದ, ಎರಡನೆಯ ಸಲ ನಮ್ಮಿಂದ.

ಇಷ್ಟಾದ ಮೇಲೆ ನಮ್ಮ ವ್ಯವಸ್ಥೆ ಕಲಿತ ಪಾಠವೇನು? ಅಭ್ಯರ್ಥಿಯ ಅಂಗಿ ಬಿಚ್ಚಿಸಬೇಕು ಎಂಬುದು!

ಉತ್ಪ್ರೇಕ್ಷೆಯಲ್ಲ. 2023ರ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕಡೆ ಮತ್ತೆ ಬ್ಲೂಟೂತ್ ಸಿಕ್ಕಿತು. ಪಿಎಸ್ಐ ಪ್ರಕರಣದಲ್ಲಿ ಕೇಳಿದ್ದ ಹೆಸರೇ ಮತ್ತೆ ಕೇಳಿಬಂತು. ಮುಂದಿನ ತಿಂಗಳ ಪರೀಕ್ಷೆಗಳಲ್ಲಿ ತಪಾಸಣೆ ಬಿಗಿಯಾಯಿತು. ಎಷ್ಟು ಬಿಗಿಯೆಂದರೆ, ಕಲಬುರಗಿಯ ಕೇಂದ್ರವೊಂದರಲ್ಲಿ ಹೆಣ್ಣುಮಕ್ಕಳ ಮಾಂಗಲ್ಯ ತೆಗೆಸಿದರೆಂದು ಗದ್ದಲವಾಯಿತು. ಬಳಿಕ ಹೊರಟ ಮಾರ್ಗಸೂಚಿಯಲ್ಲಿ ಮಾಂಗಲ್ಯಕ್ಕೂ ಕಾಲುಂಗುರಕ್ಕೂ ಅನುಮತಿ ಕೊಟ್ಟು, ತಲೆ ಕಿವಿ ಮುಚ್ಚುವ ಬಟ್ಟೆಯನ್ನು ನಿಷೇಧಿಸಿದರು. ಆಗ ಇನ್ನೊಂದು ಕಡೆಯ ಗದ್ದಲ. 2025ರ ಏಪ್ರಿಲ್‌ನ ಸಿಇಟಿಯಲ್ಲಿ ಶಿವಮೊಗ್ಗ, ಬೀದರ್‌ಗಳಲ್ಲಿ ಜನಿವಾರದ ಸರದಿ. ಬೀದರಿನ ಹುಡುಗನೊಬ್ಬ ಗಣಿತದ ಪರೀಕ್ಷೆಯನ್ನೇ ಬರೆಯಲಾಗದೆ ಹಿಂದಿರುಗಿದ. ತೋಳುದ್ದದ ಅಂಗಿ ಬೇಡ, ಶೂ ಬೇಡ, ಓಲೆ ಬೇಡ. ಮಗಳ ವಯಸ್ಸಿನ ಹೆಣ್ಣುಮಗಳು ಬೆಳಗಿನ ಜಾವ ಬಸ್ಸು ಹಿಡಿದು ಬಂದು, ಗೇಟಿನ ಮುಂದೆ ಕಿವಿಯೋಲೆ ಬಿಚ್ಚಿ ಗುರುತೇ ಇಲ್ಲದ ಯಾರದೋ ಕೈಗೆ ಕೊಟ್ಟು, ಹಿಂದಿರುಗುವಾಗ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಮೊದಲ ಹತ್ತು ಪ್ರಶ್ನೆ ಓದುತ್ತಾಳೆ.

ನನ್ನ ತಕರಾರು ಯಾವ ಮತದ ಯಾವ ಚಿಹ್ನೆಯ ಪರವಾಗಿಯೂ ಅಲ್ಲ. ಯಂತ್ರದ ತಪಾಸಣೆ ಬೇಡವೆಂದೂ ನಾನು ಹೇಳುತ್ತಿಲ್ಲ; ಕಡಲೆಕಾಳಿನಷ್ಟು ಯಂತ್ರ ಕಿವಿಯೊಳಗೆ ಕೂರುವ ಕಾಲದಲ್ಲಿ ಲೋಹಶೋಧಕ ಬೇಕು, ಮೊಬೈಲ್ ಸಂಕೇತ ತಡೆಯುವ ಯಂತ್ರವೂ ಬೇಕು. ನಾನು ಕೇಳುವುದು ಇಷ್ಟೆ: ಆ ಬ್ಲೂಟೂತಿನ ಇನ್ನೊಂದು ತುದಿಯಲ್ಲಿ ಉತ್ತರ ಓದಿ ಹೇಳುವವನಿಗೆ ಪ್ರಶ್ನೆಪತ್ರಿಕೆ ಹೇಗೆ ಸಿಕ್ಕಿತು? ಪರೀಕ್ಷೆ ಆರಂಭವಾದ ಮೇಲೆ ಕೇಂದ್ರದೊಳಗಿಂದ ಯಾರೋ ಒಬ್ಬರು ಅದನ್ನು ಹೊರಗೆ ಕಳುಹಿಸಿರಬೇಕಲ್ಲವೆ? ಆ ಒಬ್ಬರು ಜನಿವಾರವನ್ನೋ ಮಾಂಗಲ್ಯವನ್ನೋ ಧರಿಸಿ ಸರತಿಯಲ್ಲಿ ನಿಂತ ಅಭ್ಯರ್ಥಿಯಲ್ಲ. ಅವರು ಗುರುತಿನ ಚೀಟಿ ತೂಗುಹಾಕಿಕೊಂಡು, ಪಕ್ಕದ ಬಾಗಿಲಿನಿಂದ, ಸಲಾಮು ಹೊಡೆಸಿಕೊಂಡು ಒಳಗೆ ಬಂದವರು. ಖಾಲಿ ಓಎಂಆರ್ ಹಾಳೆ ತುಂಬಿದ್ದು ಯಾವ ಕಿವಿಯೋಲೆಯಿಂದ? 2021ರ ಜನವರಿಯಲ್ಲಿ ಕರ್ನಾಟಕ ಲೋಕಸೇವಾ ಆಯೋಗದ ಪ್ರಥಮ ದರ್ಜೆ ಸಹಾಯಕರ ಪ್ರಶ್ನೆಪತ್ರಿಕೆ ಪರೀಕ್ಷೆಯ ಹಿಂದಿನ ದಿನವೇ ಬಯಲಾದಾಗ ಬಂಧಿತರಾದವರಲ್ಲಿ ಆಯೋಗದ ಸಿಬ್ಬಂದಿಯೂ ಇದ್ದರು. 2016ರಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪತ್ರಿಕೆ ಮಾರ್ಚ್ 21ರಂದು ಬಯಲಾಗಿ, ಮಾರ್ಚ್ 31ರ ಮರುಪರೀಕ್ಷೆಯದೂ ಬಯಲಾಗಿ, ಕೊನೆಗೆ ಏಪ್ರಿಲ್ 12ರಂದು ಮಕ್ಕಳು ಮೂರನೆಯ ಸಲ ಸಿದ್ಧರಾಗಿ ಬರೆದರಲ್ಲ, ಆಗಲೂ ಪತ್ರಿಕೆ ಇದ್ದದ್ದು ಮಕ್ಕಳ ಜೇಬಿನಲ್ಲಲ್ಲ. ಕೀಲಿಕೈ ಇದ್ದವರ ಸುಪರ್ದಿನಲ್ಲಿ.

ಅಂದರೆ ಕಳ್ಳತನ ಆಗುವುದು ಉಗ್ರಾಣದ ಕೀಲಿಕೈಯಿಂದ. ನಾವು ಜಾಲಾಡುವುದು ಊಟಕ್ಕೆ ಬಂದವರ ಜೇಬನ್ನು.

ಕಾನೂನುಗಳಿಗೇನೂ ಕೊರತೆಯಿಲ್ಲ. 2023ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ನೇಮಕಾತಿ ಪರೀಕ್ಷೆಗಳ ಅಕ್ರಮ ತಡೆಯುವ ಮಸೂದೆ ಅಂಗೀಕಾರವಾಯಿತು. ಸಂಚು ನಡೆಸಿದವರಿಗೆ 12 ವರ್ಷದವರೆಗೆ ಸೆರೆ, 10 ಕೋಟಿ ರೂಪಾಯಿವರೆಗೆ ದಂಡ. ಕೇಂದ್ರದ ಕಾಯಿದೆ 2024ರ ಜೂನ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ಸಂಘಟಿತ ಅಪರಾಧಕ್ಕೆ 10 ವರ್ಷದವರೆಗೆ ಸೆರೆ, ಕನಿಷ್ಠ ಒಂದು ಕೋಟಿ ದಂಡ. ಕೇಳಲು ಭಯಂಕರವಾಗಿದೆ. ಆದರೆ ಕಳ್ಳನಿಗೆ ಭಯ ಹುಟ್ಟುವುದು ಶಿಕ್ಷೆಯ ಉದ್ದದಿಂದಲ್ಲ. ಸಿಕ್ಕಿಬೀಳುವುದು ಖಚಿತ, ತೀರ್ಪು ಬೇಗ ಎಂಬ ನಂಬಿಕೆಯಿಂದ. 2021ರಲ್ಲಿ ನಡೆದದ್ದಕ್ಕೆ ವರ್ಷಗಟ್ಟಲೆ ವಿಚಾರಣೆ ನಡೆಯುತ್ತಿದ್ದರೆ, ಜಾಮೀನಿನ ಮೇಲೆ ಹೊರಬಂದವರು ಊರಿನಲ್ಲಿ ಗಣ್ಯರಾಗಿ ತಿರುಗುತ್ತಿದ್ದರೆ, ಹನ್ನೆರಡು ವರ್ಷವೆಂದು ಬರೆದರೇನು, ಇಪ್ಪತ್ತೆಂದು ಬರೆದರೇನು?

ನಂಬಿಕೆ ಎಷ್ಟು ಶಿಥಿಲವಾಗಿದೆಯೆಂಬುದಕ್ಕೆ ಇನ್ನೊಂದು ನಿದರ್ಶನ. ಕಾಲೇಜು ಅಧ್ಯಾಪಕರಾಗಲು ಬೇಕಾದ ಯುಜಿಸಿ ನೆಟ್ ಪರೀಕ್ಷೆಯನ್ನು 2024ರ ಜೂನ್ 18ರಂದು ದೇಶದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ಮರುದಿನವೇ ರದ್ದು. ಪತ್ರಿಕೆ ಮೊದಲೇ ಬಯಲಾಗಿತ್ತೆಂದು ತೋರಿಸುವ ಒಂದು ಚಿತ್ರ ಹರಿದಾಡಿದ್ದು ಕಾರಣ. ಕೊನೆಗೆ ಸಿಬಿಐ ಕಂಡುಕೊಂಡದ್ದು, ಆ ಚಿತ್ರವನ್ನೇ ಯಾರೋ ಶಾಲಾ ಹುಡುಗ ತಿದ್ದಿ ತಯಾರಿಸಿದ್ದ ಎಂದು! ಕಳ್ಳತನವಾಗದಿದ್ದರೂ ಕಳ್ಳತನವಾಗಿದೆ ಎಂದು ಸರ್ಕಾರವೇ ಒಂದು ದಿನದಲ್ಲಿ ನಂಬಿಬಿಡುವ ಸ್ಥಿತಿಗೆ ನಾವು ಬಂದಿದ್ದೇವೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನಿಮ್ಮಲ್ಲಿ ಹಲವರು ತಲೆದೂಗಿರುತ್ತೀರಿ. ಸರ್ಕಾರವನ್ನು ಬೈದರೆ ಎಲ್ಲರಿಗೂ ಇಷ್ಟ. ಈಗ ಉಳಿದರ್ಧ.

ಎಂಬತ್ತರ ದಶಕದ ನಡುವಿನ ವರ್ಷ. ನಮ್ಮ ಸೀಮೆಯ ಒಂದು ಊರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ; ಊರಿನ ಹೆಸರು ಬೇಡ. ನಾನು ಕೊಠಡಿ ಮೇಲ್ವಿಚಾರಕ. ಅಂದು ಗಣಿತ. ಗಂಟೆ ಬಾರಿಸುವ ಮೊದಲು ಕೇಂದ್ರದ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸ್ವಲ್ಪ ನೋಡಿಕೊಳ್ಳಿ ಮೇಷ್ಟ್ರೇ" ಎಂದರು. ಕನ್ನಡದ ಚಂದ ನೋಡಿ. 'ನೋಡಿಕೊಳ್ಳಿ' ಎಂದರೆ ಕಾವಲಿರಿ ಎಂದೂ ಆಗುತ್ತದೆ, ಕೈಹಿಡಿದು ಕಾಪಾಡಿ ಎಂದೂ ಆಗುತ್ತದೆ. ನಲವತ್ತು ವರ್ಷ ವ್ಯಾಕರಣ ಪಾಠ ಮಾಡಿದ ನನಗೆ ಅಲ್ಲಿ ಯಾವ ಅರ್ಥವೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ವರ್ಷ ಆ ಶಾಲೆಯ ಫಲಿತಾಂಶ ನೆಲಕಚ್ಚಿತ್ತು. ಅನುದಾನ, ವರ್ಗಾವಣೆ, ಊರಿನ ಮರ್ಯಾದೆ ಎಲ್ಲವೂ ಆ ಒಂದು ಮಾತಿನೊಳಗಿತ್ತು.

ಹಿಂದಿನ ಬೆಂಚಿನಲ್ಲಿದ್ದ ಹುಡುಗ ಅಂಗಿಯ ಒಳಗಿನಿಂದ ಗೈಡಿನ ಹಾಳೆ ತೆಗೆದ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಬಳಿಕ ನಾನು ಕಿಟಕಿಯ ಬಳಿ ಹೋಗಿ ಹೊರಗಿನ ತೆಂಗಿನ ಸಾಲನ್ನು ನೋಡುತ್ತ ನಿಂತೆ. ಇಪ್ಪತ್ತು ನಿಮಿಷ ಇರಬಹುದು. ಹನ್ನೊಂದು ಮರಗಳಿದ್ದವು, ಎಣಿಸಿದ್ದೆ. ಬೆನ್ನ ಹಿಂದೆ ಕಾಗದದ ಸರಸರ ಸದ್ದು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹರಡಿತು. ಜಾಗೃತ ದಳದ ಜೀಪು ಬರುವ ಸುದ್ದಿ ಮುಂಚಿತವಾಗಿ ಬರುವ ವ್ಯವಸ್ಥೆಯೂ ಇತ್ತು. ಗೇಟಿನ ಜವಾನ ಒಮ್ಮೆ ಗಟ್ಟಿಯಾಗಿ ಕೆಮ್ಮುತ್ತಿದ್ದ. ಆ ಇಪ್ಪತ್ತು ನಿಮಿಷಕ್ಕೆ ನಾನು ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಬಹಳ ವರ್ಷ ಅದನ್ನೇ ನನ್ನ ಸಮರ್ಥನೆಯಾಗಿ ಇಟ್ಟುಕೊಂಡಿದ್ದೆ: ದುಡ್ಡು ಮುಟ್ಟಲಿಲ್ಲ, ಬಡ ಮಕ್ಕಳು, ಒಂದು ಸಲ ದಾಟಿಕೊಳ್ಳಲಿ.

ಆ ಹಿಂದಿನ ಬೆಂಚಿನ ಹುಡುಗ ಮುಂದೆ ಟಿಸಿಎಚ್ ಮಾಡಿ ಮೇಷ್ಟ್ರಾದ. ಒಳ್ಳೆಯ ಮನುಷ್ಯ, ಇಂದಿಗೂ ಎದುರು ಸಿಕ್ಕರೆ ನನ್ನ ಚೀಲ ಹೊತ್ತುಕೊಳ್ಳುತ್ತಾನೆ. ನಾನು ನಿವೃತ್ತನಾಗುವ ಸುಮಾರಿಗೆ ಒಮ್ಮೆ ಇಬ್ಬರೂ ಬೇಲೂರಿನಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಪರೀಕ್ಷೆಗಳ ಕಾಲ. "ಈಗಿನ ಮೇಲ್ವಿಚಾರಣೆ ಹೇಗಿದೆಯಪ್ಪಾ?" ಎಂದು ಕೇಳಿದೆ. ಅವನು ನಗುತ್ತ, ಯಾವ ಕುಹಕವೂ ಇಲ್ಲದೆ, ಹೇಳಿದ: "ನೀವು ಮಾಡಿದ್ದನ್ನೇ ನಾವೂ ಮಾಡ್ತಿದ್ದೀವಿ ಸಾರ್. ಕಿಟಕಿ ಹತ್ರ ನಿಂತ್ಕೋತೀವಿ."

ಬಸ್ಸು ಹಳೇಬೀಡು ಮುಟ್ಟುವ ತನಕ ನನಗೆ ಮಾತು ಹೊರಡಲಿಲ್ಲ.

ಆದ್ದರಿಂದ ಪಿಎಸ್ಐ ಪರೀಕ್ಷೆಯ ಮೇಲ್ವಿಚಾರಕರು ಬಂಧನವಾದ ಸುದ್ದಿ ಓದಿದಾಗ ಎಲ್ಲರಂತೆ "ಛೀ" ಎನ್ನಲು ನನಗಾಗಲಿಲ್ಲ. ಅವರು ಆರೋಪದಂತೆ ಲಕ್ಷಗಳಿಗೆ ಮಾಡಿರಬಹುದು, ನಾನು ಕರುಣೆಗೆ ಮಾಡಿದೆ, ವ್ಯತ್ಯಾಸವಿದೆ, ನಿಜ. ಆದರೆ ಕೊಠಡಿಯೊಳಗಿನ ಕೆಲಸ ಒಂದೇ. ಹದಿನಾರನೆಯ ವಯಸ್ಸಿನಲ್ಲಿ ಮೇಷ್ಟ್ರ ಬೆನ್ನು ನೋಡಿ ಬರೆದು ಪಾಸಾದ ಹುಡುಗ ಇಪ್ಪತ್ತಾರನೆಯ ವಯಸ್ಸಿನಲ್ಲಿ ಅಧಿಕಾರಿಯ ಬೆನ್ನು ಕೊಂಡುಕೊಳ್ಳಲು ಹೊರಟರೆ ಅವನಿಗೆ ಅದೇನು ಹೊಸ ವಿದ್ಯೆಯೆ? 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಿಬಿಟ್ಟರೆ? ಇಲ್ಲ. ಮೇಷ್ಟ್ರುಗಳು ಕಿಟಕಿಯಿಂದ ಈಚೆ ಬಂದರು, ಅಷ್ಟೆ. ಆ ಕ್ಯಾಮೆರಾ ಮಕ್ಕಳಿಗೆ ಹಾಕಿದ್ದೆಂದು ಎಲ್ಲರೂ ತಿಳಿದರು. ನನಗೆ ಮಾತ್ರ ಅದು ನನ್ನ ಮೇಲೆ, ನಲವತ್ತು ವರ್ಷ ತಡವಾಗಿ, ಹಾಕಿದ ಕ್ಯಾಮೆರಾ ಎಂದು ತೋರಿತು.

ಶಿಕ್ಷಕರ ವಿಷಯ ಬಂತೆಂದು ಇನ್ನೊಂದು ಮಾತು. ನಮ್ಮ ವೃತ್ತಿಗೇ ಈಗ ಅರ್ಹತಾ ಪರೀಕ್ಷೆಯಿದೆ, ಟಿಇಟಿ. 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗಕ್ಕೆ ಶೇಕಡಾ 60 ಬರಬೇಕು. ಒಮ್ಮೆ ಗೆದ್ದರೆ ಪ್ರಮಾಣಪತ್ರ ಜೀವಮಾನಕ್ಕೆ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಸೇವೆಯಲ್ಲಿರುವ ಶಿಕ್ಷಕರಿಗೂ ಇದು ಬೇಕೆಂದು ತೀರ್ಪಿತ್ತದ್ದರಿಂದ ನಡುವಯಸ್ಸಿನ ಅನೇಕ ಮೇಷ್ಟ್ರುಗಳು ಮತ್ತೆ ಪುಸ್ತಕ ಹಿಡಿದಿದ್ದಾರೆ. ನಾಳೆ ಅವರ ಕೊಠಡಿಯ ಮೇಲ್ವಿಚಾರಣೆಗೆ ಬರುವವರೂ ಮೇಷ್ಟ್ರೇ. ಎಷ್ಟು ಜನ 'ಸ್ವಲ್ಪ ನೋಡಿಕೊಳ್ಳಿ' ಎನ್ನುತ್ತಾರೋ, ಎಷ್ಟು ಜನ ನೋಡಿಕೊಳ್ಳುತ್ತಾರೋ! 2014–15ರ ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಅಕ್ರಮವಾಗಿ ಸೇರಿದರೆಂಬ ಆರೋಪದ ಮೇಲೆ 2022ರಲ್ಲಿ ಸಿಐಡಿ ಸೇವೆಯಲ್ಲಿದ್ದ ಶಿಕ್ಷಕರನ್ನೇ ಬಂಧಿಸಿತು. ಅಷ್ಟು ವರ್ಷ ಅವರು ಪಾಠ ಮಾಡಿದ್ದರು. ಆ ಮಕ್ಕಳಿಗೆ ಪರೀಕ್ಷೆಯ ಬಗ್ಗೆ ಏನು ಹೇಳಿಕೊಟ್ಟಿರಬಹುದೆಂದು ಯೋಚಿಸಿ. (2022ರ ಟಿಇಟಿಯಲ್ಲಿ ಶಿವಮೊಗ್ಗದಲ್ಲಿ ಬರೆದ ಅಭ್ಯರ್ಥಿಯೊಬ್ಬಳ ಪ್ರವೇಶಪತ್ರದಲ್ಲಿ ಸಿನಿಮಾ ನಟಿಯ ಚಿತ್ರ ಅಚ್ಚಾಗಿ ಬಂದಿತ್ತು. ಅರ್ಜಿ ಹಾಕುವಾಗಲೇ ಆ ಚಿತ್ರ ಸೇರಿತ್ತೆಂದು ಇಲಾಖೆ ಹೇಳಿತು. ಇರಬಹುದು. ಅಚ್ಚಾಗಿ ಬರುವ ತನಕ ಅದನ್ನು ಯಾವ ಕಣ್ಣೂ ನೋಡಿರಲಿಲ್ಲ ಎಂಬುದು ನನ್ನ ಬಡ ಗಮನ.)

ನಮ್ಮ ಬೇಲೂರಿನಲ್ಲಿ ಪರೀಕ್ಷೆಯ ಕಥೆಯೊಂದಿದೆ. ನಿಮಗೆಲ್ಲ ಪ್ರವಾಸ ಕರೆದುಕೊಂಡು ಹೋದಾಗ ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ನಿಲ್ಲಿಸಿ ಹೇಳಿದ್ದೇನೆ. ಜಕಣಾಚಾರಿ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಎಲ್ಲಿಂದಲೋ ಬಂದ ಹುಡುಗನೊಬ್ಬ ಅಂದನಂತೆ. ದೋಷವಿದ್ದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದನಂತೆ ಜಕಣಾಚಾರಿ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಅಲ್ಲಿ ಉಳಿಯಿಟ್ಟರೆ ಒಳಗೆ ನೀರು, ಅದರಲ್ಲಿ ಕಪ್ಪೆ. ಹುಡುಗ ಡಂಕಣ, ಅವನ ಮಗನೇ. ಇದು ಐತಿಹ್ಯ, ಶಾಸನದ ಆಧಾರವಿಲ್ಲವೆಂದು ಆಗಲೂ ಹೇಳಿದ್ದೆ. ನಾನಾಗ ನಿಮಗೆ ಕಥೆಯನ್ನು ತಂದೆ ಮಗನ ಕಥೆಯಾಗಿ ಹೇಳಿದ್ದೆ. ಈಗ ಯೋಚಿಸಿದರೆ ಅದು ಪರೀಕ್ಷೆ ಹೇಗಿರಬೇಕೆಂಬ ಕಥೆ. ಅಲ್ಲಿ ಹುಡುಗನ ಅಂಗಿ ಬಿಚ್ಚಿಸಿ ಯಾರೂ ನೋಡಲಿಲ್ಲ, ಕಲ್ಲನ್ನು ನೋಡಿದರು. ಎಲ್ಲರ ಎದುರು ನೋಡಿದರು. ಪಣಕ್ಕೆ ಬಿದ್ದದ್ದು ಹೊಸದಾಗಿ ಬಂದವನ ಕೈಯಲ್ಲ, ಅಧಿಕಾರ ಇದ್ದವನ ಕೈ.

ಐತಿಹ್ಯ ಬೇಡವೆಂದರೆ ಶಾಸನಕ್ಕೇ ಬನ್ನಿ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮನ ಹೆಸರು ಎಷ್ಟೋ ಕಡೆ ಸಿಗುತ್ತದೆ. ಇದು ನಾನು ಮಾಡಿದ್ದು, ತಪ್ಪಿದ್ದರೆ ನನ್ನನ್ನು ಕೇಳಿ ಎನ್ನುವಂತಿವೆ ಆ ಸಹಿಗಳು. ಇಂದು ಪ್ರಶ್ನೆಪತ್ರಿಕೆಯ ಕಟ್ಟು ಮುದ್ರಣಾಲಯದಿಂದ ಖಜಾನೆಗೆ, ಖಜಾನೆಯಿಂದ ಕೇಂದ್ರಕ್ಕೆ, ಉತ್ತರಪತ್ರಿಕೆ ಕೇಂದ್ರದಿಂದ ಭದ್ರತಾ ಕೊಠಡಿಗೆ ಹತ್ತಾರು ಕೈ ದಾಟುತ್ತದೆ. ಆ ಕೈಗಳ ಸಹಿ ಯಾವುದೋ ಕಡತದಲ್ಲಿ ಇರಬಹುದು. ಬರೆದವನಿಗೆ ಅದು ಎಂದಿಗೂ ಕಾಣುವುದಿಲ್ಲ. ಅದನ್ನು ಪ್ರಕಟಿಸಿ. ಇಂಥ ಗಂಟೆಗೆ ಇಂಥವರ ಕೈಯಿಂದ ಇಂಥವರ ಕೈಗೆ ಬಂತೆಂದು ಪ್ರತಿ ಕೇಂದ್ರದ ಬಾಗಿಲಿನಲ್ಲಿ ಅಂಟಿಸಿ. ಓಎಂಆರ್ ಹಾಳೆಯನ್ನು ಕಟ್ಟಿ ಕಳುಹಿಸುವ ಮೊದಲೇ, ಅದೇ ಕೊಠಡಿಯಲ್ಲಿ, ಬರೆದವರ ಕಣ್ಣೆದುರಿಗೆ ಸ್ಕ್ಯಾನ್ ಮಾಡಿ ಅಂದು ಸಂಜೆಯೇ ಅವರವರಿಗೆ ಕಾಣುವಂತೆ ಮಾಡಿ. ಖಾಲಿ ಬಿಟ್ಟ ವೃತ್ತ ಆಮೇಲೆ ತುಂಬಿಕೊಳ್ಳುವ ಪವಾಡ ತಾನಾಗಿ ನಿಲ್ಲುತ್ತದೆ. ಮದುವೆಯಲ್ಲಿ ಊಟಕ್ಕೆ ಬಂದವರ ಫೋಟೋ ಕ್ಷಣಮಾತ್ರದಲ್ಲಿ ಅಮೆರಿಕಕ್ಕೆ ಹೋಗುವ ಕಾಲದಲ್ಲಿ ಇದೇನೂ ರಾಕೆಟ್ ಹಾರಿಸುವ ಕೆಲಸವಲ್ಲ.

ಇನ್ನು ಅಕ್ರಮ ಆಗಿಯೇ ಹೋದರೆ, ಕೆಟ್ಟ ಕಾಯಿಯನ್ನು ಹೆಕ್ಕಬೇಕಲ್ಲದೆ ಇಡೀ ಗೋಣಿ ಸುರಿದುಬಿಡುವುದು ನ್ಯಾಯವೆ? ನಮ್ಮ ಮಂಡಿಯಲ್ಲಿ ಕೊಬ್ಬರಿ ಗಿಟುಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ಸದ್ದು ಕೇಳಿ ಬೇರ್ಪಡಿಸುವವರಿದ್ದಾರೆ. ಕೆಲವೊಮ್ಮೆ ಹೆಕ್ಕಲು ಸಾಧ್ಯವೇ ಇರುವುದಿಲ್ಲ, ಒಪ್ಪುತ್ತೇನೆ. ಪಿಎಸ್ಐ ವಿಷಯದಲ್ಲಿ ನ್ಯಾಯಾಲಯವೇ ರದ್ದತಿ ಸರಿಯೆಂದಿದೆ. ಅಂಥ ಸಂದರ್ಭದಲ್ಲಿ ಮರುಪರೀಕ್ಷೆ ಮೂರು ತಿಂಗಳೊಳಗೆ ಆಗಬೇಕು. ವಿಚಾರಣೆ ಮುಗಿಸಿ ದೋಷವಿಲ್ಲವೆಂದು ಕಂಡವರಿಗೆ ಇಲಾಖೆ ಒಂದು ಪತ್ರ ಕೊಡಬೇಕು: ಇವರ ಮೇಲೆ ಯಾವ ಆರೋಪವೂ ಇಲ್ಲ ಎಂದು. ಒಂದು ಹಾಳೆ, ಒಂದು ಮೊಹರು. ಜಾವಗಲ್ಲಿನ ಆ ತಂದೆ ಅದಕ್ಕೆ ಚೌಕಟ್ಟು ಹಾಕಿಸಿ ಹಾಲಿನ ಡೇರಿಯ ಗೋಡೆಗೇ ತೂಗುಹಾಕುತ್ತಿದ್ದ.

ಕನ್ನಡ ಮೇಷ್ಟ್ರಾಗಿ ಇದೊಂದನ್ನು ಹೇಳದಿದ್ದರೆ ರಾತ್ರಿ ನಿದ್ದೆ ಬಾರದು. ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್‌ನಲ್ಲಿ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಅಷ್ಟೊಂದು ಕೆಟ್ಟಿತ್ತು. ಆ ಕಾರಣಕ್ಕೆ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಿದರೆ ಅದರಲ್ಲೂ ತಪ್ಪುಗಳು! ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗ ಪ್ರಶ್ನೆಯೇ ಅರ್ಥವಾಗದೆ ಅಂಕ ಕಳೆದುಕೊಂಡರೆ ಅದಕ್ಕೆ ಯಾವ ಕಾಯಿದೆಯಲ್ಲಿ ಎಷ್ಟು ಕೋಟಿ ದಂಡ? ಮೋಸ ಅಭ್ಯರ್ಥಿಯಿಂದಲೇ ಆಗಬೇಕೆಂದೇನಿದೆ.

ನಿಮ್ಮಲ್ಲಿ ಹಲವರು ಈಗ ಮೇಷ್ಟ್ರುಗಳು, ಉಪನ್ಯಾಸಕರು. ಇಬ್ಬರು ಖಜಾನೆಯಲ್ಲಿದ್ದೀರಿ, ಒಬ್ಬರು ಪೊಲೀಸ್ ಇಲಾಖೆಯಲ್ಲಿ. ಇನ್ನು ಕೆಲವರು ಮಕ್ಕಳ ಉದ್ಯೋಗಕ್ಕಾಗಿ 'ಯಾರಾದರೂ ಗೊತ್ತಿದ್ದಾರಾ ಸಾರ್' ಎಂದು ನನಗೇ ಫೋನು ಮಾಡಿದವರು. ಹೆಸರು ಹೇಳುವುದಿಲ್ಲ, ಎದೆ ಮುಟ್ಟಿ ನೋಡಿಕೊಳ್ಳಿ. ತೋಟ ಮಾರಿ ಹತ್ತಾರು ಲಕ್ಷ ಹೊಂದಿಸಿ ಕೊಟ್ಟು ಮಗನನ್ನು ಅಧಿಕಾರಿ ಮಾಡುವ ತಂದೆಗೆ ಒಂದು ಸಣ್ಣ ಲೆಕ್ಕ ಗೊತ್ತಿರಬೇಕು. ಆ ಹುಡುಗ ಕುರ್ಚಿಯಲ್ಲಿ ಕುಳಿತ ಮೊದಲ ದಿನದಿಂದ ಆ ಲಕ್ಷಗಳನ್ನು ವಸೂಲು ಮಾಡುತ್ತಾನೆ. ಯಾರಿಂದ? ಠಾಣೆಗೆ ದೂರು ಹೊತ್ತು ಬಂದ ನಿಮ್ಮ ಅಣ್ಣನಿಂದ, ನಿಮ್ಮ ಪಕ್ಕದ ತೋಟದವನಿಂದ. ನಿಮಗೆ ಮೇಲ್ವಿಚಾರಣೆಯ ಕೆಲಸ ಬಿದ್ದು, ಯಾರಾದರೂ ಹೆಗಲ ಮೇಲೆ ಕೈಯಿಟ್ಟು ಆ ಮಾತು ಹೇಳಿದರೆ, ದಯವಿಟ್ಟು ಅದರ ಮೊದಲ ಅರ್ಥವನ್ನೇ ಹಿಡಿಯಿರಿ. ಅವರು ಕೋಪಿಸಿಕೊಳ್ಳುತ್ತಾರೆ. ಮುಂದಿನ ವರ್ಷ ನಿಮ್ಮನ್ನು ದೂರದ ಕೇಂದ್ರಕ್ಕೆ ಹಾಕುತ್ತಾರೆ. ಹೋಗಿಬನ್ನಿ, ಬಸ್ಸಿದೆ.

ಜಾವಗಲ್ಲಿನ ಹುಡುಗ ಓದು ಬಿಟ್ಟಿಲ್ಲ. ಈಗ ಒಂದು ಖಾಸಗಿ ಕಂಪನಿಯ ಗೋದಾಮಿನಲ್ಲಿ ಲೆಕ್ಕ ಬರೆಯುತ್ತ, ರಾತ್ರಿ ಓದಿಕೊಳ್ಳುತ್ತಾನೆ. ಮುಂದಿನ ವಾರ ಬೆಂಗಳೂರಿನಲ್ಲಿ ಮತ್ತೊಂದು ಪರೀಕ್ಷೆ. ಅರಸೀಕೆರೆಯಿಂದ ರಾತ್ರಿಯ ರೈಲು. ನಿಲ್ದಾಣಕ್ಕೆ ಬರುತ್ತೇನೆಂದಿದ್ದೆ; ಬೇಡಿ ಸಾರ್, ಚಳಿ, ಎಂದ. ಅವನ ತಾಯಿ ಗುಂಡಿಯಿಲ್ಲದ, ಜೇಬಿಲ್ಲದ ಅರ್ಧ ತೋಳಿನ ಅಂಗಿಯೊಂದನ್ನು ಹೊಲಿಸಿ ಇಸ್ತ್ರಿ ಮಾಡಿಸಿಟ್ಟಿದ್ದಾರಂತೆ. ಗೇಟಿನ ಬಳಿ ಯಾರೂ ಏನೂ ಬಿಚ್ಚಿಸುವ ಹಾಗಾಗಬಾರದು ಎಂದು.